ಮಳೆಗಾಲದ ಡೆಂಗಿ: ವಾರಕ್ಕೊಂದು ಬೆಳಿಗ್ಗೆಯ ಕೆಲಸ, ಜ್ವರ ಬಂದರೆ ಏಳು ದಿನದ ಲೆಕ್ಕ

2024ರ ಆಷಾಢ. ನಾಲ್ಕು ದಿನ ಜಿಟಿಜಿಟಿ ಮಳೆ, ಎರಡು ದಿನ ಬಿಸಿಲು, ಮತ್ತೆ ಮಳೆ. ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಸಂಪು, ಡ್ರಮ್ಮು ಎಲ್ಲ ನೋಡಿ ಸರಿ ಇದೆ ಅಂದರು. ಹೊರಡುವಾಗ ಅಡುಗೆಮನೆ ಕಿಟಕಿಯ ಹತ್ತಿರ ನಿಂತು, "ಅಕ್ಕಾ, ಆ ಮನಿ ಪ್ಲಾಂಟ್ ಬಾಟಲಿ ಒಂಚೂರು ಬೆಳಕಿಗೆ ಹಿಡೀರಿ" ಅಂದರು.

ಹಿಡಿದೆ. ಬೇರುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಹುಳಗಳು. ನೀರಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದವು. ನನ್ನ ಕೈ ನೆರಳು ಬಿದ್ದದ್ದೇ ತಡ, ಎಲ್ಲವೂ ಒದ್ದಾಡುತ್ತಾ ತಳಕ್ಕೆ ಇಳಿದವು. ದಿನಾ ಪಾತ್ರೆ ತೊಳೆಯುವಾಗ ಕಣ್ಣೆದುರೇ ಇದ್ದ ಬಾಟಲಿ ಅದು.

ಅದೇ ವಾರ ಮಗಳಿಗೆ ಜ್ವರ ಬಂತು. ಈ ಬಾಟಲಿಯ ಸೊಳ್ಳೆ ಕಚ್ಚಿತೋ, ಶಾಲೆಯಲ್ಲಿ ಕಚ್ಚಿತೋ, ಹೇಳಲು ಬರುವುದಿಲ್ಲ. ಆದರೆ ಆ ಹತ್ತು ದಿನಗಳಲ್ಲಿ ಕಲಿತದ್ದನ್ನು ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ವರ್ಷ ರಾಜ್ಯದಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂದಿತ್ತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಇಟ್ಟಿತು.

ವಾರಕ್ಕೊಮ್ಮೆ ಯಾಕೆ?

ಡೆಂಗಿ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಇದು ಚರಂಡಿಯ ಸೊಳ್ಳೆ ಅಲ್ಲ. ಮನೆಯ ಸುತ್ತಮುತ್ತ ನಿಂತ ತಿಳಿ ನೀರೇ ಇದಕ್ಕೆ ಬೇಕು. ಹಾಗಾಗಿ "ನಮ್ಮ ಮನೆ ಕ್ಲೀನಾಗಿದೆ, ನಮಗೇಕೆ ಬರುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹೆಣ್ಣು ಸೊಳ್ಳೆ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ಇಡುವುದು ನೀರಿನ ಒಳಗಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ನೀರು ಏರಿ ಮೊಟ್ಟೆಗೆ ತಾಗಿದಾಗ ಮರಿ ಆಗುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ನಮ್ಮ ಹವೆಯಲ್ಲಿ ಸುಮಾರು 8ರಿಂದ 10 ದಿನ ಸಾಕು. ನಾನು ಆ ಬಾಟಲಿಯ ನೀರು ಬದಲಿಸುತ್ತಿದ್ದದ್ದು ಎರಡು ವಾರಕ್ಕೊಮ್ಮೆ. ಅಂದರೆ ಒಂದು ಸಂಸಾರ ಪೂರ್ತಿ ಹಾರಿಹೋದ ಮೇಲೆ.

ಇನ್ನೊಂದು ಮಾತು. ಈ ಮೊಟ್ಟೆಗಳು ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಬದುಕಿರುತ್ತವೆ. ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಡ್ರಮ್ಮಿಗೆ ಮುಂಗಾರಿನ ನೀರು ಬಿದ್ದರೆ ಸಾಕು. ಹಾಗಾಗಿ ನೀರು ಚೆಲ್ಲಿದರೆ ಅರ್ಧ ಕೆಲಸ ಮಾತ್ರ. ಒಳಗೋಡೆಯನ್ನು ಗಸಗಸ ತಿಕ್ಕಬೇಕು. ತೆಂಗಿನ ನಾರು, ಪಾತ್ರೆ ಬ್ರಷ್ಷು, ಯಾವುದಾದರೂ ಆಗುತ್ತದೆ. ತಿಕ್ಕಿದ ನೀರನ್ನು ಬಿಸಿಲು ಬೀಳುವ ಮಣ್ಣಿಗೆ ಚೆಲ್ಲಿ.

ಭಾನುವಾರ ಬೆಳಿಗ್ಗೆಯ ಸುತ್ತು

ದಿನ ಯಾವುದಾದರೂ ಇರಲಿ, ವಾರ ತಪ್ಪಬಾರದು ಅಷ್ಟೇ. ನಮ್ಮ ಮನೆಯಲ್ಲಿ ಭಾನುವಾರ, ತಿಂಡಿಗೆ ಮೊದಲು. ಕೈಯಲ್ಲಿ ಒಂದು ಟಾರ್ಚು, ಒಂದು ಬ್ರಷ್ಷು. 20 ನಿಮಿಷದ ಕೆಲಸ. ಒಂದೇ ದಾರಿಯಲ್ಲಿ ಸುತ್ತಿದರೆ ಏನೂ ಮರೆಯುವುದಿಲ್ಲ.

1. ಮನೆ ಒಳಗೆ. ಫ್ರಿಜ್ ಹಿಂದೆ ಕೆಳಗಡೆ ಒಂದು ಟ್ರೇ ಇರುತ್ತದೆ, ತುಂಬ ಜನರಿಗೆ ಗೊತ್ತೇ ಇಲ್ಲ. ಹೊರಗೆ ಬರುವಂತಿದ್ದರೆ ಎಳೆದು ಚೆಲ್ಲಿ, ಒರೆಸಿ. ಮನಿ ಪ್ಲಾಂಟ್, ಬಿದಿರು ಗಿಡದ ಬಾಟಲಿ ತೊಳೆದು, ಬೇರನ್ನೂ ನಲ್ಲಿ ಕೆಳಗೆ ಹಿಡಿಯಿರಿ. ಆಗದಿದ್ದರೆ ಅವನ್ನು ಮಣ್ಣಿಗೆ ನೆಡುವುದೇ ವಾಸಿ, ನಾನು ಹಾಗೇ ಮಾಡಿದೆ. ಏರ್ ಕೂಲರ್ ಬಳಸದಿದ್ದರೆ ನೀರು ಖಾಲಿ ಮಾಡಿ ಒಣಗಿಸಿಡಿ.

2. ಬಚ್ಚಲು. ಬಕೆಟ್ಟು, ಹಂಡೆ, ಮೂಲೆಯ ಡ್ರಮ್ಮು. ಅತಿಥಿಗಳು ಬಂದಾಗ ಮಾತ್ರ ಬಳಸುವ ಟಾಯ್ಲೆಟ್ ಇದ್ದರೆ ವಾರಕ್ಕೊಮ್ಮೆ ಫ್ಲಶ್ ಮಾಡಿ, ಮುಚ್ಚಳ ಮುಚ್ಚಿ.

3. ಸಂಪು ಮತ್ತು ಟ್ಯಾಂಕು. ಮುಚ್ಚಳ ಇದೆ ಅಂದರೆ ಸಾಲದು. ಬೆಳಿಗ್ಗೆ ಹೊತ್ತು ಮುಚ್ಚಳದ ಅಂಚಿಗೆ ಟಾರ್ಚು ಬಿಡಿ. ಬೆಳಕು ಒಳಗೆ ಹೋಗುವ ಸಂದಿನಲ್ಲಿ ಸೊಳ್ಳೆಯೂ ಹೋಗುತ್ತದೆ. ಅಂಚಿಗೆ ಹಳೆ ಬಟ್ಟೆ ಕೊಟ್ಟು ಬಿಗಿಯಾಗಿ ಮುಚ್ಚಿ. ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ, ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೆ ಸೊಳ್ಳೆ ಜಾಲರಿ ಕಟ್ಟಿ.

4. ತಾರಸಿ. ಮಳೆ ನೀರಿನ ಪೈಪಿಗೆ ಎಲೆ ಸಿಕ್ಕಿಕೊಂಡಿದೆಯಾ ನೋಡಿ. ಮಡಚಿಟ್ಟ ಟಾರ್ಪಾಲಿನ ಸುಕ್ಕಿನಲ್ಲಿ ಒಂದು ಲೋಟ ನೀರು ನಿಂತರೂ ಸಾಕು. ಹಳೆ ಟೈರು, ಒಡೆದ ಬಕೆಟ್ಟು, ಪೇಂಟ್ ಡಬ್ಬ ಇವನ್ನು ಗುಜರಿಗೆ ಹಾಕಿ.

5. ಹಿತ್ತಿಲು, ಅಂಗಳ. ಹೂಕುಂಡದ ಕೆಳಗಿನ ತಟ್ಟೆ, ಹಕ್ಕಿಗೆ ಇಟ್ಟ ನೀರು, ನಾಯಿಯ ಬಟ್ಟಲು, ಒರಳುಕಲ್ಲಿನ ಗುಂಡಿ, ಎಳನೀರು ಬುರುಡೆ, ತೆಂಗಿನ ಚಿಪ್ಪು. ಹಕ್ಕಿಯ ನೀರನ್ನು ನಿಲ್ಲಿಸಬೇಡಿ, ದಿನಾ ಬದಲಿಸಿ. ಬಳಸದ ಒರಳುಕಲ್ಲಿಗೆ ಮರಳು ತುಂಬಿಬಿಡಿ.

ಮಕ್ಕಳಿಗೆ ಟಾರ್ಚು ಕೊಡಿ. ನಾವು ನೋಡದ ಜಾಗವನ್ನು ಅವರು ನೋಡುತ್ತಾರೆ. ನಮ್ಮ ಗೇಟಿನ ಕೊಳವೆ ಕಂಬದ ತುದಿಯಲ್ಲಿ ನೀರು ನಿಂತದ್ದನ್ನು ಕಂಡುಹಿಡಿದದ್ದು ಮಗಳೇ.

ಈ ಸೊಳ್ಳೆ ಜಾಸ್ತಿ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಅಷ್ಟೇ. ಅಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯದ್ದು, ಇಲ್ಲವೇ ನಿಮ್ಮ ಬೀದಿಯದ್ದು. ಪಕ್ಕದ ಖಾಲಿ ಸೈಟು, ಅರ್ಧಕ್ಕೆ ನಿಂತ ಕಟ್ಟಡ, ಲಿಫ್ಟ್ ಗುಂಡಿ ಇವೂ ನಿಮ್ಮ ಸುತ್ತಿಗೆ ಸೇರುತ್ತವೆ. ಅಂಥ ಜಾಗ ಕಂಡರೆ ಪಾಲಿಕೆಗೋ ಪಂಚಾಯಿತಿಗೋ ತಿಳಿಸಿ.

ಫಾಗಿಂಗ್ ಬಗ್ಗೆ ಒಂದು ಮಾತು. ಬೀದಿಯಲ್ಲಿ ಹೊಗೆ ಬಿಟ್ಟರೆ ಸಮಾಧಾನ ಆಗುತ್ತದೆ, ನಿಜ. ಆದರೆ ಅದು ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನಿಮ್ಮ ಡ್ರಮ್ಮಿನ ಮರಿಗಳಿಗೆ ಏನೂ ಆಗುವುದಿಲ್ಲ. ನಾಡಿದ್ದು ಅವೇ ಹಾರುತ್ತವೆ.

ನೀರು ಹಿಡಿದಿಡಲೇಬೇಕಾದ ಮನೆಗಳು

ವಾರಕ್ಕೊಮ್ಮೆ ನೀರು ಬಿಡುವ ಊರಿನವರಿಗೆ "ನೀರು ಶೇಖರಿಸಬೇಡಿ" ಅನ್ನುವುದು ಅನ್ಯಾಯ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ ಇಲ್ಲದೆ ಸಂಸಾರ ನಡೆಯುವುದಿಲ್ಲ. ಅಂಥಲ್ಲಿ ಹೀಗೆ ಮಾಡಬಹುದು. ನೀರು ಬರುವ ಹಿಂದಿನ ದಿನ, ಪಾತ್ರೆ ತಳ ಕಂಡಿರುವ ಹೊತ್ತಿಗೆ, ಒಂದೊಂದಾಗಿ ತಿಕ್ಕಿ ಕವುಚಿಡಿ. ತುಂಬಿದ ಮೇಲೆ ಹಳೆ ಪಂಚೆಯನ್ನು ಬಾಯಿಗೆ ಬಿಗಿದು ದಾರ ಕಟ್ಟಿ. ಬಟ್ಟೆ ಜೋತು ನೀರಿಗೆ ತಾಗಬಾರದು. ಬಟ್ಟೆ ತೆಗೆಯದೆಯೇ ನೀರು ಬಳಸಲು ಕೆಳಗೆ ಒಂದು ನಲ್ಲಿ ಹಾಕಿಸಿಕೊಂಡರೆ ಇನ್ನೂ ಸಲೀಸು.

ದನಗಳ ತೊಟ್ಟಿ, ಬಾವಿ, ದೊಡ್ಡ ಸಿಮೆಂಟ್ ಟ್ಯಾಂಕು ಖಾಲಿ ಮಾಡಲು ಆಗುವುದಿಲ್ಲ ಅಲ್ವಾ? ಅವಕ್ಕೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು. ಸೊಳ್ಳೆ ಮರಿಯೇ ಅವುಗಳ ಊಟ. ಆರೋಗ್ಯ ಇಲಾಖೆಯವರನ್ನು ಕೇಳಿ ನೋಡಿ. ಮರಿ ಸಾಯಿಸುವ ಔಷಧಿಯನ್ನು ಅವರೇ ಬಂದು ಹಾಕಿದರೆ ಹಾಕಿಸಿಕೊಳ್ಳಿ, ಅಳತೆ ಅವರಿಗೆ ಗೊತ್ತಿರುತ್ತದೆ.

ಕರಾವಳಿ, ಮಲೆನಾಡಿನ ತೋಟದ ಮನೆಗಳಿಗೆ ಬೇರೆಯೇ ಪಟ್ಟಿ. ಬಿದ್ದ ಅಡಿಕೆ ಹಾಳೆ ಒಂದು ದೋಣಿಯಂತೆ ನೀರು ಹಿಡಿಯುತ್ತದೆ. ಟ್ಯಾಪಿಂಗ್ (ಹಾಲು ಇಳಿಸುವುದು) ನಿಲ್ಲಿಸಿದ ರಬ್ಬರ್ ಮರದ ಚಿಪ್ಪು, ಕೊಕ್ಕೋ ಕಾಯಿಯ ಸಿಪ್ಪೆ, ಇಲಿ ಕೊರೆದ ತೆಂಗಿನಕಾಯಿ, ಇವೆಲ್ಲ ಈಡಿಸ್ ಜಾತಿಯ ಇನ್ನೊಂದು ಸೊಳ್ಳೆಯ ತೊಟ್ಟಿಲುಗಳು. ಮಳೆ ಹಿಡಿಯುವ ಮೊದಲೇ ಚಿಪ್ಪುಗಳನ್ನು ಕವುಚಿಡಿ. ಹಾಳೆಗಳನ್ನು ಕಡಿದು ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿ.

ಕಚ್ಚಿಸಿಕೊಳ್ಳದೆ ಇರುವುದು

ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಸಂಜೆ ಮುಳುಗುವ ಮೊದಲು, ಆಗ ಜಾಸ್ತಿ. ರಾತ್ರಿ ಸೊಳ್ಳೆ ಪರದೆ ಕಟ್ಟಿ ಮಲಗಿ, ಬೆಳಿಗ್ಗೆ ಚಡ್ಡಿಯಲ್ಲಿ ಶಾಲೆಗೆ ಕಳಿಸಿದರೆ ಪ್ರಯೋಜನ ಕಡಿಮೆ. ಮಳೆಗಾಲದಲ್ಲಿ ಮಕ್ಕಳಿಗೆ ಉದ್ದ ತೋಳು, ಉದ್ದ ಪ್ಯಾಂಟು, ಸಾಕ್ಸು ಹಾಕಿ. ಹಗಲು ಮಲಗುವ ಕೂಸಿಗೆ ಹಗಲೇ ಪರದೆ ಕಟ್ಟಿ.

ಹಚ್ಚುವ ಮುಲಾಮು ಬಳಸಬಹುದು. ಎರಡು ತಿಂಗಳೊಳಗಿನ ಕೂಸಿಗೆ ಬೇಡ. ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಮಂಚದ ಕೆಳಗೆ, ಕಿಟಕಿ ಪರದೆ ಹಿಂದೆ, ಗೂಟಕ್ಕೆ ತೂಗುಹಾಕಿದ ಬಟ್ಟೆಗಳ ನಡುವೆ, ಕತ್ತಲಿರುವ ಕಡೆ ಇದು ಕೂತಿರುತ್ತದೆ. ಆ ಬಟ್ಟೆಗಳನ್ನು ಕೊಡವಿ ಕಪಾಟಿಗೆ ಸೇರಿಸಿ.

ಜ್ವರ ಬಂದ ದಿನ: ಒಂದು ಹಾಳೆ, ಒಂದು ಪೆನ್ನು

ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಕಾಣಿಸುತ್ತದೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ಮುರಿದ ಹಾಗೆ, ವಾಕರಿಕೆ, ಕೆಲವರಿಗೆ ಮೈಮೇಲೆ ಕೆಂಪು ದದ್ದು. ನೆಗಡಿ, ಕೆಮ್ಮು ಇದ್ದರೆ ಬೇರೆ ಜ್ವರ ಇರಬಹುದು, ಆದರೆ ಮಳೆಗಾಲದಲ್ಲಿ ನಾವೇ ತೀರ್ಮಾನ ಮಾಡುವುದು ಬೇಡ.

ಜ್ವರ ಶುರುವಾದ ದಿನವನ್ನೂ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅದೇ ಮೊದಲನೇ ದಿನ. ಮುಂದೆ ಎಲ್ಲ ಲೆಕ್ಕ ಅಲ್ಲಿಂದಲೇ. ಡಾಕ್ಟರು ಮೊದಲು ಕೇಳುವುದೂ ಅದನ್ನೇ. ಹಾಳೆಯಲ್ಲಿ ನಾಲ್ಕು ಕಲಂ ಸಾಕು: ಜ್ವರ ಎಷ್ಟು, ಯಾವ ಔಷಧಿ ಎಷ್ಟು ಹೊತ್ತಿಗೆ, ಏನು ಕುಡಿದರು, ಒಂದಕ್ಕೆ ಎಷ್ಟು ಹೊತ್ತಿಗೆ ಹೋದರು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮಕ್ಕಳಿಗೆ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕಿಲೋಗೆ 10ರಿಂದ 15 ಮಿ.ಗ್ರಾಂ, ಎರಡು ಡೋಸಿನ ನಡುವೆ 6 ಗಂಟೆ. ಸಿರಪ್ಪಿನ ಬಾಟಲಿಯ ಚೀಟಿ ಓದಿ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹಳೆ ಬಾಟಲಿಯ ಅಳತೆಯನ್ನು ಹೊಸದಕ್ಕೆ ಹಾಕಿದರೆ ಡಬ್ಬಲ್ ಆಗಿಬಿಡುತ್ತದೆ.

ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ಇವು ಬೇಡವೇ ಬೇಡ. ಡೆಂಗಿಯಲ್ಲಿ ಇವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಮೆಡಿಕಲ್ ಶಾಪಿನಲ್ಲಿ "ಜ್ವರ, ಮೈಕೈ ನೋವು" ಅಂದರೆ ಇವುಗಳಲ್ಲಿ ಒಂದು ಕೈಗೆ ಬಂದುಬಿಡುತ್ತದೆ, ಹೆಸರು ಓದಿ ತೆಗೆದುಕೊಳ್ಳಿ. "ಬೇಗ ಇಳಿಯಲಿ, ಒಂದು ಇಂಜೆಕ್ಷನ್ ಹಾಕಿ" ಅಂತ ನಾವಾಗಿಯೇ ಕೇಳುವುದೂ ಬೇಡ. ಹೃದಯದ ತೊಂದರೆಗೆ ದಿನಾ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ, ಜ್ವರದ ಮೊದಲ ದಿನವೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತಾವಾಗಿ ನಿಲ್ಲಿಸುವುದು ಬೇಡ.

ಕುಡಿಯುವುದೇ ಇಲ್ಲಿ ದೊಡ್ಡ ಔಷಧಿ. ಓಆರ್‌ಎಸ್, ಎಳನೀರು, ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ, ಬೇಳೆ ಕಟ್ಟು. ವಾಂತಿ ಬರುವಂತಿದ್ದರೆ ಒಂದೊಂದು ಚಮಚ, ಕೆಲವು ನಿಮಿಷಕ್ಕೊಮ್ಮೆ. ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟು ಅಳತೆ. 24 ಗಂಟೆ ಆದ ಮೇಲೆ ಚೆಲ್ಲಿ. ಬೀಟ್‌ರೂಟ್ ರಸ, ಕೆಂಪು ಬಣ್ಣದ ಪಾನೀಯ ಕೊಡಬೇಡಿ. ವಾಂತಿಯಲ್ಲಿ ಕೆಂಪು ಕಂಡರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ.

ಪರೀಕ್ಷೆಗೂ ದಿನದ ಲೆಕ್ಕ ಇದೆ. ಮೊದಲ 5 ದಿನದಲ್ಲಿ ಎನ್‌ಎಸ್1 (ರಕ್ತದಲ್ಲಿ ವೈರಸ್‌ನ ಅಂಶ ಹುಡುಕುವ ಪರೀಕ್ಷೆ), ಆಮೇಲೆ ಐಜಿಎಂ (ವೈರಸ್ ವಿರುದ್ಧ ಮೈಯಲ್ಲಿ ನಿಧಾನವಾಗಿ ಹುಟ್ಟುವ ಪ್ರತಿಕಾಯ ಹುಡುಕುವ ಪರೀಕ್ಷೆ). ಮೂರನೇ ದಿನ ಐಜಿಎಂ ಮಾಡಿಸಿ "ಡೆಂಗಿ ಇಲ್ಲವಂತೆ" ಎಂದು ನಿರಾಳ ಆಗಬೇಡಿ. ಎನ್‌ಎಸ್1 ಕೂಡ ಕೆಲವೊಮ್ಮೆ ಇದ್ದರೂ ಇಲ್ಲ ಅನ್ನುತ್ತದೆ.

ಜ್ವರ ಬಂದವರನ್ನು ಹಗಲೂ ಪರದೆಯೊಳಗೆ ಮಲಗಿಸಿ. ಮೊದಲ ವಾರ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಮನೆಯ ಉಳಿದವರಿಗೆ ದಾಟಿಸುತ್ತದೆ.

ಜ್ವರ ಬಿಟ್ಟ ದಿನ

ಇದನ್ನು ನಿಧಾನವಾಗಿ ಓದಿ. ಇಡೀ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ.

ಐದನೇ ದಿನ ಬೆಳಿಗ್ಗೆ ಮಗಳ ಜ್ವರ ಬಿಟ್ಟಿತ್ತು. ಥರ್ಮಾಮೀಟರ್ 98.4 ತೋರಿಸಿತು. ನಾನು ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಕಾಫಿ ಕುಡಿದೆ. ಹನ್ನೊಂದು ಗಂಟೆ ಹೊತ್ತಿಗೆ ಅತ್ತೆ ಕೋಣೆಯಿಂದ ಬಂದು, "ಇವಳು ರಾತ್ರಿ ಹೋದದ್ದು, ಇನ್ನೂ ಒಂದಕ್ಕೆ ಹೋಗಿಲ್ಲ ಕಣಮ್ಮಾ. ಕೈ ಮುಟ್ಟಿ ನೋಡು, ತಣ್ಣಗಿದೆ" ಅಂದರು. ಮುಟ್ಟಿದೆ. ತಣ್ಣಗೆ, ಬೆವರಿ ಅಂಟಂಟು. ಹೊಟ್ಟೆ ನೋವು ಅಂತಲೂ ಹೇಳುತ್ತಿದ್ದಳು. ಜ್ವರ ಬಿಟ್ಟ ಸುಸ್ತು ಅಂದುಕೊಂಡು ಮಲಗಿಸಿಬಿಡುತ್ತಿದ್ದೆ. ಅತ್ತೆ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು, ಡ್ರಿಪ್ ಹಾಕಿದರು. ಎರಡು ದಿನದಲ್ಲಿ ಎದ್ದು ಕೂತು ದೋಸೆ ಕೇಳಿದಳು.

ಡೆಂಗಿಯ ಗಂಡಾಂತರದ ಹೊತ್ತು ಜ್ವರ ಜೋರಿರುವಾಗ ಅಲ್ಲ. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, 24ರಿಂದ 48 ಗಂಟೆ. ಆಗ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ರಕ್ತ ಮಂದವಾಗುತ್ತದೆ, ಬಿಪಿ ಬೀಳುತ್ತದೆ. ಹೊರಗಿಂದ ನೋಡಿದರೆ ಮೈ ತಣ್ಣಗಾಗಿದೆ, ಮಗು ಮಲಗಿದೆ, ಅಷ್ಟೇ.

ಆ ಎರಡು ದಿನ ಇವನ್ನು ನೋಡುತ್ತಿರಿ. ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ:

- ಬಿಡದ ಹೊಟ್ಟೆನೋವು
- ಮತ್ತೆ ಮತ್ತೆ ವಾಂತಿ, ಏನು ಕುಡಿದರೂ ನಿಲ್ಲದಿರುವುದು
- ವಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ, ಹೆಣ್ಣುಮಕ್ಕಳಿಗೆ ವಿಪರೀತ ಮುಟ್ಟಿನ ಸ್ರಾವ
- ಕೈಕಾಲು ತಣ್ಣಗೆ, ಅಂಟಂಟು
- 6 ಗಂಟೆ ಕಳೆದರೂ ಮೂತ್ರ ಇಲ್ಲದಿರುವುದು
- ವಿಪರೀತ ಮಂಪರು, ಅಥವಾ ಕಾರಣವಿಲ್ಲದ ಚಡಪಡಿಕೆ
- ಉಸಿರಾಟಕ್ಕೆ ಕಷ್ಟ, ಎದ್ದು ನಿಂತರೆ ತಲೆಸುತ್ತು

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ರೋಗಿಯ ಕೈಬೆರಳಿನ ಉಗುರನ್ನು ಬೆಳ್ಳಗಾಗುವವರೆಗೆ ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ತಡವಾದರೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಗರ್ಭಿಣಿಯರು, ವರ್ಷದೊಳಗಿನ ಕೂಸು, ವಯಸ್ಸಾದವರು, ಸಕ್ಕರೆ ಕಾಯಿಲೆ ಇದ್ದವರು, ಮೊದಲೊಮ್ಮೆ ಡೆಂಗಿ ಬಂದುಹೋದವರು, ಇವರನ್ನು ಈ ಲಕ್ಷಣಗಳಿಗೆ ಕಾಯಿಸಬೇಡಿ. ಡೆಂಗಿ ಎಂದು ಗೊತ್ತಾದ ದಿನವೇ ಡಾಕ್ಟರ ಕಣ್ಣಳತೆಯಲ್ಲಿರಲಿ.

ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ

ನೆಂಟರು ಫೋನ್ ಮಾಡಿದರೆ ಮೊದಲು ಕೇಳುವುದು "ಪ್ಲೇಟ್‌ಲೆಟ್ ಎಷ್ಟಿದೆ?" ರಕ್ತ ಹೆಪ್ಪುಗಟ್ಟಿಸುವ ಕಣಗಳಿವು, ಲೆಕ್ಕ ಸಾಮಾನ್ಯವಾಗಿ 1.5 ಲಕ್ಷದ ಮೇಲಿರುತ್ತದೆ. ಡೆಂಗಿಯಲ್ಲಿ ಇಳಿಯುತ್ತದೆ, ಆಮೇಲೆ ತಾನಾಗಿಯೇ ಏರುತ್ತದೆ. 40 ಸಾವಿರ ಇದ್ದರೂ ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವ ಅಗತ್ಯ ಬೀಳುವುದಿಲ್ಲ. ಹಾಕಬೇಕೋ ಬೇಡವೋ ಡಾಕ್ಟರು ಹೇಳಲಿ, ನಾವು ಒತ್ತಾಯ ಮಾಡುವುದು ಬೇಡ.

ಅದೇ ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇನ್ನೊಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಲೆಕ್ಕ ಅದು. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ನೀರಿನಂಶ ಸೋರುತ್ತಿದೆ ಎಂದು ಅರ್ಥ. ಮೂರನೇ ದಿನದಿಂದ ರಿಪೋರ್ಟುಗಳನ್ನು ಒಟ್ಟಿಗೆ ಪಿನ್ ಮಾಡಿ ಇಟ್ಟುಕೊಂಡು, "ಡಾಕ್ಟ್ರೇ, ಪಿಸಿವಿ ನಿನ್ನೆಗಿಂತ ಹೇಗಿದೆ?" ಅಂತ ಕೇಳಿ.

ಪಪ್ಪಾಯಿ ಎಲೆಯ ರಸ ಕೊಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಆ ಸೋರಿಕೆಯನ್ನು ಅದು ತಡೆಯುವುದಿಲ್ಲ. ವಿಪರೀತ ಕಹಿ, ಮೊದಲೇ ವಾಕರಿಕೆ ಇರುವ ಮಗು ಕುಡಿದದ್ದನ್ನೂ ಕಕ್ಕಿಬಿಡುತ್ತದೆ. ನಾನು ಕೊಡಲಿಲ್ಲ. ಡೆಂಗಿ ವೈರಸ್ ಕಾಯಿಲೆ, ಆಂಟಿಬಯೋಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ವಾಸಿ ಆದ ಮೇಲೆ

ಚೇತರಿಸಿಕೊಳ್ಳುವಾಗ ಅಂಗೈ, ಅಂಗಾಲು ತುರಿಕೆ ಬರಬಹುದು. ಮೈಮೇಲೆ ಕೆಂಪು ಹರಡಿ ನಡುನಡುವೆ ಬಿಳಿ ಚುಕ್ಕೆ ಕಾಣಬಹುದು. ಗಾಬರಿ ಬೇಡ, ಹೋಗುತ್ತದೆ. ಸುಸ್ತು ಮಾತ್ರ ಎರಡು ಮೂರು ವಾರ ಇರುತ್ತದೆ. ಪರೀಕ್ಷೆ ಇದೆ, ಟೂರ್ನಮೆಂಟ್ ಇದೆ ಅಂತ ಮಕ್ಕಳನ್ನು ಸುಮ್ನೆ ಎಬ್ಬಿಸಬೇಡಿ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂದುಕೊಳ್ಳಬೇಡಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದವರಿಗೆ ಇನ್ನೊಂದು ಬಗೆ ಬಂದಾಗ ತೀವ್ರವಾಗುವ ಸಾಧ್ಯತೆ ಜಾಸ್ತಿ. ಮಗಳ ರಿಪೋರ್ಟನ್ನು ಅವಳ ಲಸಿಕೆ ಕಾರ್ಡಿನ ಜೊತೆಗೇ ಇಟ್ಟಿದ್ದೇನೆ.

ಮನೆಯಲ್ಲಿ ಡೆಂಗಿ ಖಚಿತವಾದರೆ ನಿಮ್ಮ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಏನಾದರೂ ಕೇಳಬೇಕಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ. ಡೆಂಗಿ ಬಂದದ್ದನ್ನು ತಿಳಿಸಿದರೆ ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದವರು ಅಕ್ಕಪಕ್ಕದ ಮನೆಗಳ ನೀರು ನೋಡಲು ಬರುತ್ತಾರೆ. ನಾವು ತಿಳಿಸಿದ ಮರುದಿನ ಅದೇ ಆಶಾ ಕಾರ್ಯಕರ್ತೆ ಬೀದಿಯ ಎಲ್ಲ ಮನೆ ಹತ್ತಿ ಇಳಿದರು. ಎರಡು ಮನೆ ಆಚೆ, ತಾರಸಿಯ ಮೇಲೆ ಬಾಯಿ ತೆರೆದ ಹಳೆ ಸಿಂಟೆಕ್ಸ್ ಟ್ಯಾಂಕಿನಲ್ಲಿ ಮೊಳಕಾಲುದ್ದ ಮಳೆ ನೀರು ನಿಂತಿತ್ತು. ಟಾರ್ಚು ಬಿಟ್ಟರೆ ಒಳಗೆಲ್ಲ ಮಿಸುಕಾಟ. ಅಂದು ಸಂಜೆಯೇ ಆ ಮನೆಯವರು, ನಾವು ಸೇರಿ ಅದನ್ನು ಬಗ್ಗಿಸಿ ಖಾಲಿ ಮಾಡಿ, ತಿಕ್ಕಿ, ಕವುಚಿಟ್ಟೆವು.